ಮೊಬೈಲಿನ ಪದಕ್ಕೆ ಎದುರುಮೇಳ ಯಾವುದು?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ಹವ್ಯಾಸಿಗಳು ಮನೆಯಲ್ಲೇ ಮೊಬೈಲಿನಲ್ಲಿ ಹಾಡಿ ಗೆಳೆಯರಿಗೆ ಕಳಿಸುವ ಗೀಗೀ ಪದಗಳನ್ನು ನಾನು ಬಿಡದೆ ಕೇಳುತ್ತೇನೆ. ದಪ್ಪು, ತುಂತುಣಿ ಸ್ಪಷ್ಟ. 1824ರ ಕಿತ್ತೂರಿನ ಕದನ, ಸಂಗೊಳ್ಳಿ ರಾಯಣ್ಣನ ಸಾಹಸ ಹೊಸ ಕಂಠಗಳಲ್ಲಿ ಜೀವಂತ. ಕೇಳಿದವರ ಉತ್ತರ ಮಾತ್ರ ‘ಭಾರಿ ಹಾಡೀರಿ’ ಎಂಬಲ್ಲಿಗೆ ಮುಗಿಯುತ್ತದೆ.

ಹರದೇಶಿ-ನಾಗೇಶಿಯಲ್ಲಿ ವಿಮರ್ಶೆ ಹಾಡಿನೊಳಗೇ ಇದೆ. ಒಂದು ಮೇಳ ಗಂಡು ಹೆಚ್ಚೆಂದರೆ ಇನ್ನೊಂದು ಹೆಣ್ಣು ಹೆಚ್ಚೆನ್ನುತ್ತದೆ. ಎದುರಿನವರ ಸವಾಲಿಗೆ ಜವಾಬು ಹಾಡಲೇಬೇಕು. ಅದಕ್ಕೆ ಪುರಾಣ ಗೊತ್ತಿರಬೇಕು, ಮಾತು ತೂಗಬೇಕು. ಒಂಟಿಯಾಗಿ ಮುದ್ರಿಸಿದ ಪದಕ್ಕೆ ಆ ಅಂಜಿಕೆಯಿಲ್ಲ. ನಾನು ಕೇಳಿದ ಹಲವು ಪದಗಳಲ್ಲಿ ರಾಯಣ್ಣ ಮನುಷ್ಯನಾಗಿ ಉಳಿಯದೆ ಜೈಕಾರವಾಗಿಬಿಡುತ್ತಾನೆ.

ಮೆಚ್ಚುಗೆ ಬೇಡವೆನ್ನುತ್ತಿಲ್ಲ. ಮೆಚ್ಚಿದವರು ಒಂದು ಸವಾಲನ್ನೂ ಹಾಡಿ ಕಳಿಸಲಿ. ಪದ ಬೆಳೆಯುವುದು ಜವಾಬಿನಲ್ಲಿ.