ಫ್ಲಾನಲ್ ಹಲಗೆಯ ಭಾನುವಾರ

ಬೆಂಗಳೂರಿನ ಹಡ್ಸನ್ ವೃತ್ತದ ಗದ್ದಲದ ನಡುವೆ 1904ರ ಹಡ್ಸನ್ ಸ್ಮಾರಕ ಚರ್ಚ್ ಇದೆ. ಅಲ್ಲಿ ಕನ್ನಡದಲ್ಲೇ ಆರಾಧನೆ. ಇಂಥ ಕನ್ನಡ ಸಭೆಗಳ ಸಂಡೇ ಸ್ಕೂಲಿನಲ್ಲಿ ನನಗೆ ಅತಿ ಪ್ರಿಯವಾದ ವಸ್ತು ಫ್ಲಾನಲ್ ಹಲಗೆ. ಹಲಗೆಗೆ ಬಿಗಿದ ಫ್ಲಾನಲ್ ಬಟ್ಟೆ, ಕತ್ತರಿಸಿದ ಚಿತ್ರಗಳ ಬೆನ್ನಿಗೂ ಅದರದೇ ತುಂಡು. ಗೋಂದು ಬೇಡ, ಮೊಳೆ ಬೇಡ. ಎಳೆಗೆ ಎಳೆ ತೊಡರಿ ಚಿತ್ರ ನಿಲ್ಲುತ್ತದೆ. ಬೈಬಲ್ ಕಥೆಯ ಐದು ರೊಟ್ಟಿ, ಎರಡು ಮೀನು ಅಂಟಿಸಲು ಎಷ್ಟೊಂದು ಪುಟ್ಟ ಕೈಗಳು! ಫ್ಯಾನಿನ ಗಾಳಿಗೆ ಮೀನು ಜಾರಿದರೆ ಹೆಕ್ಕಲು ಇನ್ನಷ್ಟು.

ಕಳೆದುಹೋದ ಕುರಿಯ ಕಥೆಯ ದಿನ ಕುರಿಯನ್ನು ಬೆಂಚಿನಡಿ ಅಡಗಿಸಿಡುತ್ತೇನೆ. ಅದು ಸಿಕ್ಕಾಗಿನ ಮಕ್ಕಳ ಕೂಗು ಕೇಳಬೇಕು. ಟೀವಿ ಪರದೆಯ ಕುರಿಯನ್ನು ಹೀಗೆ ಎದೆಗೆ ಅವಚಿಕೊಳ್ಳಲಾಗದು. ಒಮ್ಮೆ ನಾಲ್ಕು ವರ್ಷದವಳೊಬ್ಬಳು, "ಅಕ್ಕಾ, ಇದಕ್ಕೆ ಚಳಿಯಾಗ್ತಿದೆ" ಎಂದು ಕರ್ಚೀಫು ಹೊದಿಸಿ ತಂದುಕೊಟ್ಟಳು.