ಚೀತಾಗಳಿಗೆ ಹೆಸರಿದೆ

ದಿವ್ಯಭಾನುಸಿಂಹ ಅವರ ‘ದಿ ಎಂಡ್ ಆಫ್ ಎ ಟ್ರೇಲ್’ 1995ರಲ್ಲಿ ಬಂದ ಪುಸ್ತಕ. ಭಾರತದ ಚೀತಾ ಹೇಗೆ ಇಲ್ಲವಾಯಿತು ಎಂಬುದನ್ನು ಅದು ಪರ್ಷಿಯನ್ ಗ್ರಂಥಗಳು, ಮೊಘಲ್ ಚಿತ್ರಗಳು, ರಾಜರ ಬೇಟೆಯ ದಾಖಲೆಗಳಿಂದ ಹುಡುಕಿ ತೆಗೆಯುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ನಮೀಬಿಯಾದ ಎಂಟು ಚೀತಾಗಳು ಮಧ್ಯಪ್ರದೇಶದ ಕುನೋ ಕಾಡಿಗೆ ಬಂದಿಳಿದ ಮೇಲೆ ಈ ಪುಸ್ತಕದ ಓದು ಮೊದಲಿನಂತೆ ಉಳಿದಿಲ್ಲ.

ಚೀತಾಗಳನ್ನು ಗುಂಡಿ ತೋಡಿ ಹಿಡಿಯುವ ಬಗೆ, ಪಳಗಿಸುವ ಕ್ರಮ, ದರ್ಜೆಗೆ ತಕ್ಕ ಮಾಂಸದ ಪಡಿ ಎಲ್ಲವನ್ನೂ ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ ಬರೆದಿಟ್ಟಿದ್ದಾನೆ. ಚಿತ್ರಾಂಜನ್ ಎಂಬ ಚೀತಾ ಜಿಂಕೆಯ ಬೆನ್ನಟ್ಟಿ ದೊಡ್ಡ ಕೊರಕಲನ್ನೇ ಹಾರಿತಂತೆ. ಅಕ್ಬರ್ ಅದನ್ನು ಚೀತಾಗಳ ಸರದಾರನನ್ನಾಗಿ ಮಾಡಿ, ಅದರ ಮುಂದೆ ನಗಾರಿ ಬಾರಿಸಲು ಹೇಳಿದ. ಇಂಥ ಕಥೆಗಳೆಂದರೆ ನಮ್ಮವರಿಗೆ ಬಲು ಇಷ್ಟ. ಆದರೆ ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಹೇಳುವ ಇನ್ನೊಂದು ಮಾತೂ ಇದೆ: ತಂದೆಯ ಬಳಿ ಸಾವಿರ ಚೀತಾಗಳಿದ್ದವು, ಆದರೆ ಅವು ಮರಿ ಹಾಕಲೇ ಇಲ್ಲ. ಅಂದರೆ ಅರಮನೆಗೆ ಬಂದ ಒಂದೊಂದು ಚೀತಾವೂ ಕಾಡಿನಿಂದ ಕಿತ್ತು ತಂದದ್ದು. ಮೊಘಲ್ ವೈಭವದ ಬಗ್ಗೆ ಬರೆಯುವಾಗ ಈ ಲೆಕ್ಕವನ್ನು ನಾವು ಮುಚ್ಚಿಡಬಾರದು. ಮುಂದೆ ಹುಲ್ಲುಗಾವಲುಗಳು ಹೊಲಗಳಾದವು, ಬ್ರಿಟಿಷರು ಚೀತಾ ಕೊಂದವರಿಗೆ ಇನಾಮು ಕೊಟ್ಟರು. 1947ರಲ್ಲಿ ಕೊರಿಯಾದ ಮಹಾರಾಜ ಒಂದೇ ರಾತ್ರಿ ಮೂರನ್ನು ಹೊಡೆದ. 1952ರಲ್ಲಿ ಸಂತತಿ ಮುಗಿಯಿತೆಂದು ಸರ್ಕಾರವೇ ಘೋಷಿಸಿತು.

ಚಿತ್ರಾಂಜನನ ಹೆಸರು ನಮಗೆ ಗೊತ್ತು. ಗುಂಡಿ ತೋಡಿದವನ ಹೆಸರು, ಹಗಲಿರುಳು ಪಕ್ಕದಲ್ಲಿ ಕೂತು ಪಳಗಿಸಿದವನ ಹೆಸರು ಗೊತ್ತಿಲ್ಲ. ಆಸ್ಥಾನ ಬರೆಯದೆ ಬಿಟ್ಟದ್ದಕ್ಕೆ ದಿವ್ಯಭಾನುಸಿಂಹರನ್ನು ದೂರುವುದು ನ್ಯಾಯವಲ್ಲ. ಆದರೆ ಕುನೋದ ಕಥೆಯನ್ನು ಟಿ.ವಿ., ಪತ್ರಿಕೆಗಳು ನಮ್ಮ ಕಣ್ಣೆದುರೇ ಹಾಗೆ ಬರೆದವಲ್ಲ!

ಕುನೋ ಸಿದ್ಧವಾದದ್ದು ಚೀತಾಕ್ಕಾಗಿ ಅಲ್ಲ, ಗಿರ್‌ನ ಸಿಂಹಗಳಿಗೆ ಎರಡನೇ ಮನೆಯಾಗಲೆಂದು. ಅದಕ್ಕಾಗಿ 1998ರಿಂದ 2003ರವರೆಗೆ 24 ಹಳ್ಳಿಗಳನ್ನು ಎಬ್ಬಿಸಲಾಯಿತು. ಸುಮಾರು 1,500 ಕುಟುಂಬಗಳು, ಹೆಚ್ಚಿನವರು ಸಹರಿಯಾ ಆದಿವಾಸಿಗಳು. ಮರದ ಅಂಟು ತೆಗೆದು ಮಾರಿ ಬದುಕುತ್ತಿದ್ದವರು ಕಲ್ಲುನೆಲದಲ್ಲಿ ಬೇಸಾಯ ಮಾಡಬೇಕಾಯಿತು. ಅವರು ಬಿಟ್ಟುಹೋದ ಹೊಲಗಳಲ್ಲಿ ಹುಲ್ಲು ಬೆಳೆಯಿತು, ಹುಲ್ಲಿಗೆ ಜಿಂಕೆ ಬಂತು. ಸಿಂಹ ಮಾತ್ರ ಬರಲಿಲ್ಲ. ಆರು ತಿಂಗಳೊಳಗೆ ಕಳಿಸಿ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದರೂ ಗುಜರಾತ್ ಕೊಡಲಿಲ್ಲ. ಸಿಂಹವೆಂದರೆ ಆ ರಾಜ್ಯಕ್ಕೆ ಪ್ರತಿಷ್ಠೆ! 2018ರಲ್ಲಿ ಗಿರ್‌ನಲ್ಲಿ ಸೋಂಕು ಹರಡಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಎರಡನೇ ಮನೆಯ ಅಗತ್ಯ ಏನೆಂದು ತಿಳಿಯಿತು. ಆಗಲೂ ಕೊಡಲಿಲ್ಲ. ಒಂದು ಪ್ರಾಣಿಗೆಂದು ಜನರನ್ನು ಎಬ್ಬಿಸಿದ ಜಾಗಕ್ಕೆ ಇನ್ನೊಂದು ಪ್ರಾಣಿ ವಿಮಾನದಲ್ಲಿ ಬಂತು.

ಕಾಡು ಮತ್ತೆ ಕಾಡಾಗುವುದನ್ನು ನಾನು ಬೇಡವೆನ್ನುವವನಲ್ಲ. ಕುನೋದಲ್ಲೇ ಹುಟ್ಟಿದ ಮುಖಿ ಎಂಬ ಚೀತಾ 2025ರ ನವೆಂಬರ್‌ನಲ್ಲಿ ಐದು ಮರಿ ಹಾಕಿತು. ಅಕ್ಬರನ ಸಾವಿರ ಚೀತಾಗಳನ್ನು ನೆನೆದರೆ ಇದು ಸಣ್ಣ ಸಂಗತಿಯಲ್ಲ. ಆದರೆ ಆಶಾ, ಸಾಶಾ, ಜ್ವಾಲಾ, ಮುಖಿ ಎಂದು ಚೀತಾಗಳ ಹೆಸರು ಬಾಯಿಪಾಠವಾಗಿರುವ ನಮಗೆ ಆ 24 ಹಳ್ಳಿಗಳಲ್ಲಿ ಒಂದರ ಹೆಸರೂ ನೆನಪಾಗುವುದಿಲ್ಲ. ದಿವ್ಯಭಾನುಸಿಂಹರ ಪುಸ್ತಕದ ಮುಂದಿನ ಅಧ್ಯಾಯವನ್ನು ಯಾರಾದರೂ ಬರೆಯುವುದಾದರೆ ಅವರು ಮೊದಲು ಹೋಗಬೇಕಾದದ್ದು ಚೀತಾಗಳ ಬೇಲಿಯ ಬಳಿಗಲ್ಲ. ಸಹರಿಯಾ ಮುದುಕಿಯೊಬ್ಬಳ ಅಂಗಳಕ್ಕೆ ಹೋಗಿ, ಯಾವ ಮರದ ಅಂಟು ಯಾರದಾಗಿತ್ತು ಎಂದು ಕೇಳಬೇಕು.