ಬರೋಡಾದ ಮಣ್ಣಿನ ಬೆಕ್ಕು

ಮಣ್ಣಿನ ಪಾತ್ರೆ ಕೊಳ್ಳುವವರಲ್ಲಿ ಎರಡು ಬಗೆ. ಬಣ್ಣಕ್ಕೆ ಮರುಳಾಗುವವರು, ಬುಡ ಮಗುಚಿ ನೋಡುವವರು. ನಾನು ಎರಡನೆಯ ಗುಂಪು. ಹೊಳೆಯುವ ಗ್ಲೇಜ್, ಅಂದರೆ ಗಾಜಿನಂಥ ಲೇಪ, ಎಷ್ಟೋ ತಪ್ಪುಗಳನ್ನು ಮುಚ್ಚಿಹಾಕುತ್ತದೆ. ಗ್ಲೇಜ್ ತಾಗದ ಬುಡದಂಚಿನಲ್ಲಿ ಮಾತ್ರ ಮಣ್ಣು ಬೆತ್ತಲೆ; ಮಾಡಿದವರ ಕೈಗೆ ಅವಸರವಿತ್ತೇ, ತಾಳ್ಮೆಯಿತ್ತೇ ಎಂಬುದು ಅಲ್ಲಿ ಗೊತ್ತಾಗಿಬಿಡುತ್ತದೆ.

ಕುಂಬಾರಿಕೆಯ ಕಲಾವಿದೆ ಜ್ಯೋತ್ಸ್ನಾ ಭಟ್ ಅವರ ಕೆಲಸ ನನಗೆ ಹಿಡಿಸುವುದು ಇದೇ ಕಾರಣಕ್ಕೆ. ಅವರು ಪಾತ್ರೆಯ ಮೈಮೇಲೂ ಹೊಳಪಿನ ಆಸರೆ ಬೇಡವೆಂದವರು. 1940ರಲ್ಲಿ ಕಚ್ಛ್‌ನ ಮಾಂಡವಿಯಲ್ಲಿ ಹುಟ್ಟಿ, ಬರೋಡಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಶಂಖೋ ಚೌಧುರಿ ಅವರ ಬಳಿ ಶಿಲ್ಪ ಕಲಿಯತೊಡಗಿದರು. ಆಮೇಲೆ ಕುಂಬಾರಿಕೆಯ ಕಡೆ ಹೊರಳಿದರು. 60ರ ದಶಕದಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಮ್ಯೂಸಿಯಂ ಕಲಾಶಾಲೆಯಲ್ಲಿ ಜೋಲಿಯನ್ ಹಾಫ್‌ಸ್ಟೆಡ್ ಅವರಿಂದ ಕಲಿತು ಬಂದು, 1972ರಿಂದ ಬರೋಡಾದಲ್ಲೇ ಮೇಷ್ಟರಾದರು, 2002ರಲ್ಲಿ ನಿವೃತ್ತರಾದರು.

ಅವರ ಬೆಕ್ಕುಗಳನ್ನು ನೋಡಬೇಕು. ಮೀಸೆಯಿಲ್ಲ, ಕೂದಲ ಗೆರೆಯಿಲ್ಲ, ಮುದ್ದು ಬರಿಸುವ ಹಟವೂ ಇಲ್ಲ. ಬೆನ್ನಿನದೊಂದು ಬಾಗು, ಮುದುಡಿದ ಮೈ, ಅಷ್ಟೇ. ನಮ್ಮ ಜಗಲಿಯ ಮೇಲೆ ಮಲಗಿದ ಬೆಕ್ಕೇ ಅದು. ಮೈಬಣ್ಣ ಮಳೆಗಾಲದ ಗೋಡೆಯ ಪಾಚಿಯ ಹಸಿರು, ಇಲ್ಲವೇ ಮಂಕು ನೀಲಿ. ಈ ಮಂಕು ಸುಲಭದ್ದಲ್ಲ. ಆವಿಗೆಗೆ ಹೋಗುವ ಮುನ್ನ ಗ್ಲೇಜ್ ಬರೀ ಹಿಟ್ಟು ಮೆತ್ತಿದಂತಿರುತ್ತದೆ, ಅದರಲ್ಲಿ ಮುಂದಿನ ಬಣ್ಣ ಕಾಣುವುದೇ ಇಲ್ಲ. ಸ್ಟೋನ್‌ವೇರ್ ಎಂಬ ಗಟ್ಟಿ ಬಗೆಯ ಮಣ್ಣಾದರೆ 1200 ಡಿಗ್ರಿ ಸೆಲ್ಸಿಯಸ್ ದಾಟುವ ಶಾಖ. ಬೆಂಕಿ ತುಸು ಹೆಚ್ಚಾದರೆ ಮಂಕು ಹೋಗಿ ಹೊಳಪು ಬರುತ್ತದೆ, ಕಡಿಮೆಯಾದರೆ ಮೈ ಒರಟು. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎನ್ನುತ್ತೇವೆ. ಆವಿಗೆಯೂ ದೊಣ್ಣೆಗೇನೂ ಕಡಿಮೆಯಲ್ಲ.

ಜ್ಯೋತ್ಸ್ನಾ ಕಲಿತು ಕಲಿಸಿದ ಬರೋಡಾ ವಿಶ್ವವಿದ್ಯಾಲಯದ ಕಲಾಶಾಲೆಯಲ್ಲಿ ಮಣ್ಣಿಗೂ ನೂಲಿಗೂ ಮಡಿಮೈಲಿಗೆ ಇರಲಿಲ್ಲ. ಅಲ್ಲಿ ಕಲಿಸುತ್ತಿದ್ದ ಕೆ.ಜಿ. ಸುಬ್ರಮಣ್ಯನ್ ಕೈಮಗ್ಗ ಮಂಡಳಿಯಲ್ಲಿ ವಿನ್ಯಾಸದ ಕೆಲಸ ಮಾಡಿದ್ದವರು, ಲಖನೌದ ರವೀಂದ್ರಾಲಯಕ್ಕೆ ಸುಟ್ಟಮಣ್ಣಿನ ಭಿತ್ತಿಯನ್ನೂ ಮಾಡಿದವರು. ಅವರ ಶಿಷ್ಯೆ ಮೃಣಾಲಿನಿ ಮುಖರ್ಜಿ ಮಗ್ಗವೇ ಇಲ್ಲದೆ ನಾರಿನ ಹಗ್ಗಕ್ಕೆ ಗಂಟಿನ ಮೇಲೆ ಗಂಟು ಹಾಕುತ್ತ ಆಳೆತ್ತರದ ದೇವತೆಗಳನ್ನು ನಿಲ್ಲಿಸಿದರು. 90ರ ದಶಕದಲ್ಲಿ ಅದೇ ಕೈಯಿಂದ ಮಣ್ಣು ಹಿಡಿದರು. 2015ರಲ್ಲಿ ಅವರು ತೀರಿಕೊಂಡರು. ನಾಲ್ಕು ವರ್ಷದ ಬಳಿಕ ನ್ಯೂಯಾರ್ಕಿನ ಮೆಟ್ ಬ್ರಾಯರ್ ಮ್ಯೂಸಿಯಂ ಮೃಣಾಲಿನಿ ಅವರ ಕೆಲಸದ ದೊಡ್ಡ ಪ್ರದರ್ಶನ ನಡೆಸಿತು.

ಜ್ಯೋತ್ಸ್ನಾ ಅವರಂಥ ಮೇಷ್ಟರ ಪಾಲಿಗೆ ಅಂಥ ಹೆಸರು ಬರುವುದು ಅಪರೂಪ. ಅವರ ಹೊತ್ತೆಲ್ಲ ಮಣ್ಣು ಮೆದುವಾಗಿಸುವುದನ್ನು ತೋರಿಸುವುದರಲ್ಲಿ, ತಿಗರಿಯ ನಡುವಿನಿಂದ ಜಾರುವ ಮುದ್ದೆಯನ್ನು ಮತ್ತೆ ನಡುವಿಗೆ ತರಿಸುವುದರಲ್ಲಿ, ಶಿಷ್ಯರ ಒಡಕು ಪಾತ್ರೆಯ ಕಾರಣ ಹುಡುಕುವುದರಲ್ಲೇ ಕಳೆಯುತ್ತದೆ. ಅಷ್ಟರ ನಡುವೆಯೂ ತಮ್ಮದೇ ಹಸಿರನ್ನು, ತಮ್ಮದೇ ಬೆಕ್ಕನ್ನು ಉಳಿಸಿಕೊಂಡದ್ದು ಜ್ಯೋತ್ಸ್ನಾ ಅವರ ಹೆಚ್ಚುಗಾರಿಕೆ. 2020ರ ಜುಲೈಯಲ್ಲಿ ಅವರು ತೀರಿಕೊಂಡರು.

ಗುಜರಾತಿನವರೆಗೆ ಹೋಗಲಾಗದಿದ್ದರೆ ಬೇಡ. ನಮ್ಮ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲೇ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಕೇಂದ್ರವಿದೆ. ಆ ಕಡೆ ಹೋದಾಗ ಒಂದು ಪಾತ್ರೆ ಎತ್ತಿಕೊಳ್ಳಿ. ಬೆಲೆ ಕೇಳುವ ಮೊದಲು ಮಗುಚಿ, ಬುಡದ ಮೇಲೆ ಹೆಬ್ಬೆರಳು ಆಡಿಸಿ ನೋಡಿ.